ಸಿಗರೇಟ್ ಹೊಗೆಗೆ ಲಿಂಫ್ ನಾಳದಲ್ಲೂ ಹೆಪ್ಪುಗಟ್ಟುತ್ತದಾ?

ಕುಡ್ಲದವ: ಹಂಪನಕಟ್ಟೆಯ ನಮ್ಮ ಆಫೀಸಿನಲ್ಲಿ ಇದೇ ವಾದ. ಸಿಗರೇಟಿನಿಂದ ರಕ್ತ ಹೆಪ್ಪುಗಟ್ಟುತ್ತದೆ, ಸರಿ. ಲಿಂಫ್ ನಾಳದಲ್ಲೂ, ಅಂದರೆ ಮೈಯ ಅಂಗಾಂಶಗಳಲ್ಲಿ ಉಳಿದ ನೀರನ್ನು ರಕ್ತಕ್ಕೆ ವಾಪಸು ಒಯ್ಯುವ ನಾಳದಲ್ಲೂ ಹಾಗಾಗುತ್ತದೆ ಅಂತ ಒಬ್ಬ ಹೇಳುತ್ತಿದ್ದಾನೆ. ಸುಮ್ನೆ ಹೆದರಿಸುವುದಾ?

ಮಲ್ಪೆ ಹುಡುಗ: ಲಿಂಫ್‌ನಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್ಟೇ ಇಲ್ಲ ಮಾರಾಯ್ರೆ. ಮತ್ತೆ ಹೆಪ್ಪುಗಟ್ಟುವುದು ಎಂತದು?

ಲ್ಯಾಬ್ ಅಕ್ಕ: ಪ್ಲೇಟ್‌ಲೆಟ್ ಇಲ್ಲ ಅನ್ನುವುದು ಹೆಚ್ಚುಕಡಿಮೆ ಸರಿ. ಆದರೆ ಹೆಪ್ಪಿನ ಎಳೆಗಳಾಗುವ ಪ್ರೋಟೀನ್ ಫೈಬ್ರಿನೋಜನ್ ಉಂಟು, ಹೆಪ್ಪುಗಟ್ಟಿಸುವ ಬೇರೆ ಪ್ರೋಟೀನ್‌ಗಳೂ (ಕ್ಲಾಟಿಂಗ್ ಫ್ಯಾಕ್ಟರ್) ಉಂಟು, ರಕ್ತದಲ್ಲಿರುವಷ್ಟು ಇಲ್ಲ ಅಷ್ಟೇ. ಹಾಗಾಗಿ ಲಿಂಫ್ ಕೂಡ ಹೆಪ್ಪುಗಟ್ಟುತ್ತದೆ, ನಿಧಾನಕ್ಕೆ. ಇಲಿಗಳಿಗೆ ಸಿಗರೇಟ್ ಹೊಗೆ ಕೊಟ್ಟು ನೋಡಿದಾಗ ಶ್ವಾಸಕೋಶದ ಲಿಂಫ್ ನಾಳಗಳು ಸೋರಿದವು, ಒಳಗೆ ಹೆಪ್ಪು ಕಾಣಿಸಿತು, ನೀರು ಮತ್ತು ಪ್ರೋಟೀನ್ ಹೊರಗೆ ಸಾಗಿಸುವ ಕೆಲಸವೂ ಕುಂದಿತು, ಅದೂ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ರೋಗ) ಬರುವ ಮೊದಲೇ. ಎಂಫಿಸೀಮಾ ಇದ್ದ ಮನುಷ್ಯರ ಶ್ವಾಸಕೋಶದಲ್ಲೂ ಇಂಥ ಹೆಪ್ಪು ಸಿಕ್ಕಿದೆ.

ಮಲ್ಪೆ ಹುಡುಗ: ಇಲಿ ಕತೆ ಬಿಡಿ ಅಕ್ಕ. ಡಬ್ಬಿಯಲ್ಲಿ ಕೂರಿಸಿ ಹೊಗೆ ಹಾಕಿದರೆ ಯಾರಿಗಾದರೂ ಏನಾದರೂ ಆಗುತ್ತದೆ. ನಮ್ಮ ಬಂದರಿನಲ್ಲಿ ದಿನಾ ಎರಡು ಪ್ಯಾಕ್ ಸೇದಿ ಬಲೆ ಎಳೆಯುವವರಿದ್ದಾರೆ, ಒಂದು ಕೆಮ್ಮಿಲ್ಲ.

ಲ್ಯಾಬ್ ಅಕ್ಕ: ಅದಕ್ಕೇ "ಮೊದಲೇ" ಅಂದದ್ದು. ಕೆಮ್ಮು, ಏದುಸಿರು ಬರುವಾಗ ತಡವಾಗಿರುತ್ತದೆ. ಇನ್ನೊಂದು ಕೇಳಿ. ಹೊಗೆಯೇ ಕೊಡದೆ ಇಲಿಗಳ ಲಿಂಫ್ ಹರಿವು ಕೆಡಿಸಿದಾಗಲೂ ಶ್ವಾಸಕೋಶದ ಗಾಳಿಚೀಲಗಳು ಹಾಳಾಗಿವೆ. ಅಂದರೆ ಈ ನಾಳ ಕೆಡುವುದು ಬರೀ ಪಕ್ಕದ ತೊಂದರೆ ಅಲ್ಲ, ರೋಗ ಶುರುವಾಗುವ ದಾರಿಯೇ ಇರಬಹುದು. ಮನುಷ್ಯರಲ್ಲಿ ಇದು ಸಾಬೀತಾಗಿದೆ ಅಂತ ನಾನು ಹೇಳುವುದಿಲ್ಲ.

ಕುಡ್ಲದವ: ಹಾಗಾದರೆ ರಕ್ತ ತೆಳು ಮಾಡುವ ಮಾತ್ರೆ ನುಂಗಿ ಸೇದಿದರಾಯ್ತು 😄

ಲ್ಯಾಬ್ ಅಕ್ಕ: ಲಿಂಫ್ ಹೆಪ್ಪಿಗೆ ಅಂತ ಸೇದುವವರಿಗೆ ಆ ಮಾತ್ರೆ ಕೊಡುವ ಚಿಕಿತ್ಸೆ ಇಲ್ಲ. ರಕ್ತಸ್ರಾವದ ಅಪಾಯ ಮಾತ್ರ ಖಂಡಿತ ಉಂಟು.

ಬೈಂದೂರು ರಾಯರು: ನಮ್ಮ ನೆರೆಯವರು ಬೀಡಿ ಸೇದುತ್ತಾರೆ, ಕಾಲು ಊದಿದೆ. ಇದೇ ಇರಬಹುದಾ?

ಲ್ಯಾಬ್ ಅಕ್ಕ: ಹಾಗೆ ಜೋಡಿಸಬೇಡಿ ರಾಯರೇ. ಈಗ ಹೇಳಿದ್ದೆಲ್ಲ ಶ್ವಾಸಕೋಶದ ವಿಷಯ. ಕಾಲಿನ ಲಿಂಫ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಆನೆಕಾಲು, ಅದು ಸೊಳ್ಳೆ ತರುವ ಹುಳದಿಂದ. ಬೀಡಿ, ಸಿಗರೇಟ್ ಸೇದುವವರಿಗೆ ಕೈಕಾಲಿನ ರಕ್ತನಾಳ ಮುಚ್ಚುವ ಬ್ಯೂರ್ಗರ್ ರೋಗವೂ ಬರುತ್ತದೆ, ಅಲ್ಲಿ ಊತಕ್ಕಿಂತ ನೋವು, ಬೆರಳು ಕಪ್ಪಾಗುವುದು ಜಾಸ್ತಿ. ಎರಡೂ ಕಾಲು ಊದಿದೆಯಾ?

ಬೈಂದೂರು ರಾಯರು: ಎಡಗಾಲು ಮಾತ್ರ. ನಿನ್ನೆಯಿಂದ. ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾರೆ.

ಲ್ಯಾಬ್ ಅಕ್ಕ: ಅಯ್ಯೋ, ತಿಕ್ಕುವುದು ನಿಲ್ಲಿಸಲು ಹೇಳಿ! ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಕಷ್ಟ. ಈಗಲೇ ರಿಕ್ಷಾ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ.