ಸಂಜೆ ಬೇಯದ ಕೇಕ್, ಸುಡುವ ಪ್ಲಗ್, ಒಳಗೆ ಕಿಡಿ: ಕನ್ವೆಕ್ಷನ್ ಓವನ್ ಕೆಟ್ಟಿದೆಯಾ?

ಗೋಣಿಬೀಡು ಅಡುಗೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಗೋಣಿಬೀಡಿನಿಂದ ಒಳಗೆ ತೋಟದ ಮನೆ. ಎರಡು ವರ್ಷದ ಹಿಂದೆ 28 ಲೀಟರಿನ ಕನ್ವೆಕ್ಷನ್ ಮೈಕ್ರೋವೇವ್ ತಗೊಂಡೆವು. ಮೊದಲ ವರ್ಷ ಅನ್ನ, ಸಾರು, ನಿನ್ನೆಯ ಕಡುಬು ಬಿಸಿ ಮಾಡಿದ್ದೇ ಜಾಸ್ತಿ. ಏನೂ ತೊಂದರೆ ಇರಲಿಲ್ಲ. ಈಗ ಮಗಳ ಹಟಕ್ಕೆ ಕೇಕ್ ಮಾಡೋಕೆ ಹೊರಟಿದ್ದೇನೆ, ಅಲ್ಲಿಂದ ಒಂದೊಂದೇ ಶುರು.

ಭಾನುವಾರ ಹನ್ನೊಂದು ಗಂಟೆಗೆ ಇಟ್ಟ ಕೇಕ್ ಚೆನ್ನಾಗಿ ಉಬ್ಬುತ್ತದೆ. ಅದೇ ಅಳತೆ, ಅದೇ ಟಿನ್, 180 ಡಿಗ್ರಿ, 40 ನಿಮಿಷ. ಸಂಜೆ ಏಳಕ್ಕೆ ಇಟ್ಟರೆ ಮೇಲೆ ಬಣ್ಣವೇ ಬರುವುದಿಲ್ಲ. ಚಾಕು ಚುಚ್ಚಿದರೆ ನಡುವೆ ಹಸಿ ಹಿಟ್ಟು ಅಂಟಿಕೊಂಡು ಬರುತ್ತದೆ. ಹೊರಗೆ ತೆಗೆದ ಮೇಲೆ ನಡುವೆ ಗುಳಿ ಬೀಳುತ್ತದೆ.

ಇನ್ನೊಂದು, ಕೇಕ್ ಇಟ್ಟ ಅರ್ಧ ಗಂಟೆಗೆ ಪ್ಲಗ್ ಮುಟ್ಟಲಾಗದಷ್ಟು ಬಿಸಿ. ಗೋಡೆಯ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ ಬಂದಿದೆ. ಒಮ್ಮೊಮ್ಮೆ ಮೀನು ಕೊಳೆತ ಹಾಗೆ ವಾಸನೆ. ಒದ್ದೆ ಕೈಯಲ್ಲಿ ಬಾಗಿಲು ಹಿಡಿದರೆ ಸಣ್ಣಗೆ ಜುಮ್ ಅನ್ನುತ್ತದೆ.

ಮೊನ್ನೆ ಕೋಳಿ ಬಿಸಿ ಮಾಡುವಾಗ ಒಳಗಿನ ಬಲಗೋಡೆಯಲ್ಲಿ ಚಟಪಟ ಕಿಡಿ ಹಾರಿತು. ಅಲ್ಲಿ ರಟ್ಟಿನ ಹಾಗೆ ಒಂದು ತುಂಡು ಇದೆಯಲ್ಲ, ಅದರ ಮೇಲೆ ಕಾಸಿನಷ್ಟು ಕರಿ ಮಚ್ಚೆ. ಅತ್ತೆ "ಅದನ್ನ ಕೊಟ್ಟಿಗೆಗೆ ಹಾಕು, ಮನೆ ಸುಡುತ್ತೆ" ಅಂತಿದ್ದಾರೆ. ಓವನ್ ಕೆಟ್ಟಿದೆಯಾ? ಬದಲಾಯಿಸಬೇಕಾ?

ಹಾಸನ ರಿಪೇರಿ:
ಮೇಡಂ, ಮೊದಲು ಪ್ಲಗ್ ಕಿತ್ತಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ. ಮೀನಿನ ವಾಸನೆ ಅಂದರೆ ಸಾಮಾನ್ಯವಾಗಿ ಸಾಕೆಟ್ಟಿನ ಪ್ಲಾಸ್ಟಿಕ್ ಬೇಯುತ್ತಿದೆ ಅಂತ ಅರ್ಥ.

ಎರಡು ವಿಷಯ ಹೇಳಿ. ಓವನ್ ಹಿಂದೆ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಮೈಕ್ರೋವೇವ್ ಎಷ್ಟು ವಾಟ್, ಕನ್ವೆಕ್ಷನ್ ಎಷ್ಟು ವಾಟ್ ಅಂತ ಬರೆದಿರುತ್ತಾರೆ. ಸಾಕೆಟ್ ದೊಡ್ಡದಾ, ಚಿಕ್ಕದಾ? ನಡುವೆ ಏನಾದರೂ ಸಿಕ್ಕಿಸಿದ್ದೀರಾ?

ಗೋಣಿಬೀಡು ಅಡುಗೆಮನೆ:
ಕಿತ್ತಿಟ್ಟೆ ಸರ್. ಸ್ಟಿಕ್ಕರಿನಲ್ಲಿ 230 ವೋಲ್ಟ್, ಮೈಕ್ರೋವೇವ್ 1300 ವಾಟ್, ಕನ್ವೆಕ್ಷನ್ 2100 ವಾಟ್ ಅಂತಿದೆ. ಓವನ್ ಪ್ಲಗ್ ದಪ್ಪ ಪಿನ್ನಿನದು. ಅಡುಗೆಮನೆಯಲ್ಲಿ ಇರೋದು ಮಿಕ್ಸಿ ಹಾಕುವ ಚಿಕ್ಕ ಸಾಕೆಟ್. ಅದಕ್ಕೆ ಕನ್ವರ್ಟರ್ ಪ್ಲಗ್ ಹಾಕಿದ್ದೇವೆ. ತಂದು ಕೊಟ್ಟವರೇ ಅದನ್ನೂ ಸಿಕ್ಕಿಸಿ ಹೋದರು.

ಬೇಲೂರಿನವ:
ಕಿಡಿಗೆ ಅಷ್ಟೆಲ್ಲ ಹೆದರಬೇಡಿ ಅಕ್ಕ. ನಮ್ಮದೂ ಹಾಗೇ ಆಗಿತ್ತು. ಆ ರಟ್ಟಿನ ತುಂಡು ಕಿತ್ತು ಬಿಸಾಕಿದೆ, ಆರು ತಿಂಗಳಿಂದ ಸುಮ್ನೆ ಓಡ್ತಾ ಇದೆ. ಕೂತ್ಕೊಂಡು ಕವರ್ ಬಿಚ್ಚಿ ಒಳಗೂ ಧೂಳು ಹೊಡೆದೆ. ನಾಲ್ಕೈದು ಸ್ಕ್ರೂ ಅಷ್ಟೆ.

ಹಾಸನ ರಿಪೇರಿ:
ಬೇಲೂರಿನ ಅಣ್ಣ, ದಯವಿಟ್ಟು ಇನ್ನೊಂದು ಸಲ ಕವರ್ ಬಿಚ್ಚಬೇಡಿ. ಮೈಕ್ರೋವೇವ್ ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಂದಿದೆ. ಎರಡು ಸಾವಿರ ವೋಲ್ಟಿಗೂ ಮೇಲೆ ಕೆಲಸ ಮಾಡುವಂಥದ್ದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಟಿವಿ, ಮಿಕ್ಸಿ ಬಿಚ್ಚಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ನಾನು ಅಂಗಡಿಯಲ್ಲಿ ಹುಡುಗರಿಗೆ ಎಲ್ಲ ಕೆಲಸ ಕೊಡುತ್ತೇನೆ, ಇದೊಂದನ್ನು ನಾನೇ ಮಾಡುತ್ತೇನೆ.

ಆ ರಟ್ಟು ರಟ್ಟಲ್ಲ, ಅದು ಮೈಕಾ ಶೀಟ್, ನಮ್ಮ ಕಾಗೆ ಬಂಗಾರ. ಆಹಾರ ಬಿಸಿ ಮಾಡುವ ಮೈಕ್ರೋವೇವ್ ಅಲೆಗಳು ಒಳಗೆ ಬರುವ ಬಾಯಿಗೆ ಹಾಕಿದ ಮುಚ್ಚಳ. ಕೋಳಿ ಎಣ್ಣೆ ಅದರ ಮೇಲೆ ಸಿಡಿದು ಒಣಗಿ ಕರಿಕಾಗುತ್ತದೆ. ಕರಿಕು ಅಂದರೆ ಇಂಗಾಲ. ಅಲ್ಲೇ ಕರೆಂಟ್ ಹರಿದು ಕಿಡಿ ಹಾರುತ್ತದೆ. ಒಮ್ಮೆ ಸುಟ್ಟ ಜಾಗ ಇನ್ನೂ ಕರಿಕಾಗುತ್ತದೆ, ಮುಂದಿನ ಸಲ ಇನ್ನೂ ದೊಡ್ಡ ಕಿಡಿ. ಮುಚ್ಚಳ ಇಲ್ಲದೆ ಓಡಿಸಿದರೆ ಎಣ್ಣೆ ಹಬೆ ನೇರ ಆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕಡೆಗೆ ಹೋಗುತ್ತದೆ. ನಿಮ್ಮದು ಓಡ್ತಿದೆ ಸರಿ, ಎಷ್ಟು ದಿನ ಅಂತ ಹೇಳೋಕಾಗಲ್ಲ.

ಮೇಡಂ, ಇದು ಅಗ್ಗದ ರಿಪೇರಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಕವರ್ ಬಿಚ್ಚದೆ, ಬಾಗಿಲ ಕಡೆಯಿಂದಲೇ ತೆಗೆಯಬಹುದು. ಹಳೆಯ ತುಂಡನ್ನು ಅಂಗಡಿಗೆ ತಗೊಂಡು ಹೋಗಿ, ಅದೇ ಅಳತೆಗೆ ಹೊಸ ಶೀಟ್ ಕತ್ತರಿಸಿ ಕೊಡುತ್ತಾರೆ. ಆ ತುಂಡಿನ ಹಿಂದಿನ ಗೋಡೆಯ ಪೇಂಟ್ ಸುಟ್ಟು ಬರೀ ತಗಡು ಕಾಣುತ್ತಿದೆಯಾ ನೋಡಿ. ಕಂಡರೆ ಓವನ್ನನ್ನೇ ಅಂಗಡಿಗೆ ತನ್ನಿ. ಕೋಳಿ ಬಿಸಿ ಮಾಡುವಾಗ ತಂತಿಯ ಸ್ಟ್ಯಾಂಡ್ ಒಳಗೇ ಇತ್ತಾ?

ಗೋಣಿಬೀಡು ಅಡುಗೆಮನೆ:
ಅಯ್ಯೋ, ಇತ್ತು! ಕೇಕಿಗೆ ಹಾಕಿದ್ದು ತೆಗೆಯೋಕೆ ಮರೆತಿದ್ದೆ.

ಹಾಸನ ರಿಪೇರಿ:
ಅದೂ ಸೇರಿಕೊಂಡಿದೆ. ಈ ಡಬ್ಬಿಯ ತಲೆನೋವೇ ಅದು, ಒಂದೇ ಪೆಟ್ಟಿಗೆಯಲ್ಲಿ ಎರಡು ಒಲೆ. ಮೈಕ್ರೋವೇವಿನಲ್ಲಿ ಸ್ಟೀಲ್, ಅಲ್ಯುಮಿನಿಯಂ, ಜರಿ ಅಂಚಿನ ಬಟ್ಟಲು ಬೇಡ. ಪ್ಲಾಸ್ಟಿಕ್ ಆದರೆ ಮೈಕ್ರೋವೇವಿಗೆ ಆಗುತ್ತದೆ ಅಂತ ಬರೆದದ್ದು ಮಾತ್ರ. ಕನ್ವೆಕ್ಷನ್ನಿನಲ್ಲಿ ಉಲ್ಟಾ. ಅಲ್ಲಿ ಅಲೆಗಳೇ ಇಲ್ಲ, ಹೀಟರ್ ಮತ್ತು ಫ್ಯಾನ್ ಅಷ್ಟೆ, ಅಲ್ಯುಮಿನಿಯಂ ಟಿನ್ ಧಾರಾಳವಾಗಿ ಇಡಬಹುದು, ಪ್ಲಾಸ್ಟಿಕ್ ಕರಗಿ ಹೋಗುತ್ತದೆ. ಎರಡೂ ಒಟ್ಟಿಗೆ ಓಡುವ ಕಾಂಬಿಯಲ್ಲಿ ಕಂಪನಿ ಕೊಟ್ಟ ಸ್ಟ್ಯಾಂಡ್ ಮಾತ್ರ, ಅದೂ ಅವರ ಪುಸ್ತಕದಲ್ಲಿ ಹಾಕಬಹುದು ಅಂತ ಇದ್ದರೆ, ಗೋಡೆಗೆ ತಾಗದ ಹಾಗೆ.

ಜನ ಮರೆಯೋದು ಒಂದಿದೆ. ಕೇಕ್ ತೆಗೆದ ತಕ್ಷಣ ಅದೇ ಓವನ್ನಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರು ಬಿಸಿಗೆ ಇಡುತ್ತಾರೆ. ಬಟನ್ ಸರಿಯಾಗೇ ಒತ್ತಿರುತ್ತಾರೆ, ಆದರೆ ಒಳಗೆ ಇನ್ನೂ 150 ಡಿಗ್ರಿ ಇರುತ್ತದೆ. ಡಬ್ಬಿಯ ತಳ ತಟ್ಟೆಗೆ ಅಂಟಿ ಕೂರುತ್ತದೆ. ನನ್ನ ಹೆಂಡತಿಯೇ ಮಾಡಿದ್ದಾಳೆ, ಹೆಸರು ಹೇಳೋಲ್ಲ.

ಈಗ ಪ್ಲಗ್. 2100 ವಾಟನ್ನು 230ರಿಂದ ಭಾಗಿಸಿ, 9 ಆಂಪ್ ದಾಟುತ್ತದೆ. ನಿಮ್ಮ ಸಾಕೆಟ್ 6 ಆಂಪಿನದು. ಮೈಕ್ರೋವೇವಿನಲ್ಲಿ 1300 ವಾಟ್, ಅಂದರೆ ಐದೂವರೆ ಚಿಲ್ಲರೆ ಆಂಪ್, ಅದೂ ಎರಡು ನಿಮಿಷ. ಅದಕ್ಕೇ ಮೊದಲ ವರ್ಷ ನಡೆಯಿತು. ಕೇಕ್ ಅಂದರೆ 9 ಆಂಪ್, ಮುಕ್ಕಾಲು ಗಂಟೆ. ಒಳಗಿನ ಹಿತ್ತಾಳೆ ಪತ್ತಿ ಬಿಸಿಯಾಗಿ ಬಿಗಿ ಕಳೆದುಕೊಳ್ಳುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿ. "ಎಂಸಿಬಿ ಬೀಳಲಿಲ್ಲವಲ್ಲ" ಅಂತ ಸಮಾಧಾನ ಮಾಡ್ಕೋಬೇಡಿ. ಎಂಸಿಬಿ ಅಂದರೆ ಬೋರ್ಡಿನಲ್ಲಿ ತಾನಾಗಿ ಬೀಳುವ ಸ್ವಿಚ್, ಅದು ನೋಡೋದು ಎಷ್ಟು ಆಂಪ್ ಹೋಗ್ತಿದೆ ಅನ್ನೋದನ್ನು, ಸಾಕೆಟ್ ಸುಡ್ತಿದೆಯಾ ಅನ್ನೋದನ್ನಲ್ಲ.

ಕನ್ವರ್ಟರ್ ಬಿಸಾಕಿ. ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ ಪವರ್ ಪ್ಲಗ್, ಅದಕ್ಕೆ ಅದರದೇ ಎಂಸಿಬಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ, ಯುಪಿಎಸ್ ಲೈನಿಗೆ ಕೊಡಲೇಬೇಡಿ.

ಆ ಜುಮ್ ನನಗೆ ಎಲ್ಲಕ್ಕಿಂತ ಹೆದರಿಕೆ. ಅರ್ಥಿಂಗ್ ಸತ್ತಿದೆ ಅನಿಸುತ್ತದೆ. ಹಳೆಯ ತೋಟದ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಇರೋದಿಲ್ಲ. ವೈರ್‌ಮನ್ ಬಂದಾಗ ಅರ್ಥ್ ಇದೆಯಾ ಅಂತ ನಿಮ್ಮ ಮುಂದೆಯೇ ನೋಡಿಸಿ. ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪ್ ಆರ್‌ಸಿಸಿಬಿ ಒಂದು ಹಾಕಿಸಿ. ಮಳೆಗಾಲದಲ್ಲಿ ನಿಮ್ಮ ಕಡೆ ನೆಲವೇ ಒದ್ದೆ ಇರುತ್ತದೆ.

ಕಾಫಿ ಹುಚ್ಚ:
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮನೆಯ ಕಾಫಿ ಬೀಜ ಇದರಲ್ಲಿ ಹುರಿಯಬಹುದಾ?

ಹಾಸನ ರಿಪೇರಿ:
ಬೇಡ ಸರ್. ಬೀಜ ಚಟ್ ಅನ್ನಬೇಕಾದರೆ 200 ಡಿಗ್ರಿ ಹತ್ತಿರ ಬರಬೇಕು, ಇಂಥ ಓವನ್ನಿಗೆ ಹೆಚ್ಚುಕಮ್ಮಿ ಅದೇ ಕೊನೆ. ತೆಳು ಸಿಪ್ಪೆ ಹಾರಿ ಫ್ಯಾನಿಗೂ ಹೀಟರಿಗೂ ಬಡಿಯುತ್ತದೆ, ಹೊಗೆ ಬೇರೆ. ಬಾಣಲೆಯೇ ವಾಸಿ.

ಮೇಡಂ, ಕೇಕ್ ವಿಷಯ ಉಳಿಯಿತು. ಸಂಜೆ ಮಾತ್ರ ಕೆಡುತ್ತದೆ ಅಂದರೆ ಓವನ್ ಮೇಲೆ ನನಗೆ ಸಂಶಯ ಇಲ್ಲ. ಹೊಸ ಪಾಯಿಂಟ್ ಆದ ಮೇಲೆ, ವೈರ್‌ಮನ್ ಹತ್ತಿರ ಮೀಟರ್ ಹಿಡಿಸಿ ವೋಲ್ಟೇಜ್ ನೋಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಓವನ್ ಆಫ್ ಇದ್ದಾಗ, ಆನ್ ಇದ್ದಾಗ.

ಗೋಣಿಬೀಡು ಅಡುಗೆಮನೆ:
ಹತ್ತು ದಿನ ಆಯ್ತು, ಕ್ಷಮಿಸಿ. ಮಳೆ ಹಿಡಿದು ವೈರ್‌ಮನ್ ಬರೋದೇ ತಡ. ಹಳೆಯ ಸಾಕೆಟ್ ಬಿಚ್ಚಿದಾಗ ನೋಡಬೇಕಿತ್ತು ಸರ್. ಹಿಂದಿನ ವೈರಿನ ಕೆಂಪು ಸಿಪ್ಪೆ ಕರಗಿ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿತ್ತು. ಅರ್ಥ್ ವೈರ್ ಇತ್ತು, ಆದರೆ ಹಿತ್ತಲ ಅರ್ಥ್ ಗುಂಡಿಯ ಹತ್ತಿರ ತುಕ್ಕು ಹಿಡಿದು ಕಡಿದಿತ್ತು. ಹೊಸದಾಗಿ ಮಾಡಿಸಿದೆವು. ಈಗ ಜುಮ್ ಇಲ್ಲ, ಪ್ಲಗ್ ತಣ್ಣಗಿದೆ. ಮೈಕಾನೂ ಹಾಕಿದ್ದಾಯ್ತು, ಪೇಂಟ್ ಸರಿ ಇತ್ತು.

ವೋಲ್ಟೇಜ್: ಬೆಳಗ್ಗೆ ಆಫ್ ಇದ್ದಾಗ 226, ಕನ್ವೆಕ್ಷನ್ ಹಾಕಿದಾಗ 212. ಸಂಜೆ ಏಳೂವರೆಗೆ ಆಫ್ ಇದ್ದಾಗ 190, ಹಾಕಿದಾಗ 178.

ಹಾಸನ ರಿಪೇರಿ:
ಕೇಕ್ ಕೆಡಿಸಿದ್ದು ಇದೇ. ಹೀಟರಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 178 ಅಂದರೆ 230ರ ಮುಕ್ಕಾಲಿಗಿಂತ ಚೂರು ಜಾಸ್ತಿ. ಹಾಗಂತ ಶಾಖ ಮುಕ್ಕಾಲು ಇರೋದಿಲ್ಲ, ನೂರಕ್ಕೆ ಅರವತ್ತೇ. 2100 ವಾಟಿನ ಹೀಟರ್ ಸಂಜೆ ಸುಮಾರು 1260 ವಾಟಿನದಾಗುತ್ತದೆ. ಬೆಳಗ್ಗೆ 212ರಲ್ಲಿ 1780ರ ಹತ್ತಿರ. ಕುಂಟುತ್ತಾ ಪ್ರೀಹೀಟ್ ಏನೋ ಮುಗಿಸುತ್ತದೆ, ಬೀಪ್ ಕೊಡುತ್ತದೆ. ನೀವು ಬಾಗಿಲು ತೆಗೆದು ತಣ್ಣನೆ ಹಿಟ್ಟು ಇಟ್ಟ ಕೂಡಲೇ ಬಿಸಿ ಬೀಳುತ್ತದೆ. ಮತ್ತೆ 180ಕ್ಕೆ ಬೇಗ ಏರೋಕೆ ಅದರ ಕೈಲಿ ಆಗೋದಿಲ್ಲ. ಸೋಡಾ ಉಬ್ಬಿಸುವ ಹೊತ್ತಿಗೆ ಹಿಟ್ಟು ಗಟ್ಟಿಯಾಗಬೇಕು, ಆಗಲ್ಲ, ಕುಸಿಯುತ್ತದೆ.

ಲೈನಿನ ತುದಿಯ ಮನೆಯಾ ನಿಮ್ಮದು?

ಗೋಣಿಬೀಡು ಅಡುಗೆಮನೆ:
ಹೌದು, ಕೊನೆಯ ಕಂಬ. ಮೇಲಿನ ತೋಟದಲ್ಲಿ ಹೋಮ್‌ಸ್ಟೇ ಆಗಿದೆ. ಈಗ ಹೊಳೀತಿದೆ ನೋಡಿ, ಶನಿವಾರ ಸಂಜೆ ಕೇಕ್ ಎಲ್ಲಕ್ಕಿಂತ ಕೆಟ್ಟದಾಗಿ ಬರುತ್ತದೆ. ಅಲ್ಲಿ ಎಲ್ಲ ರೂಮಿನ ಗೀಸರ್ ಹಾಕಿರುತ್ತಾರೆ. ಭಾನುವಾರ ಹನ್ನೊಂದಕ್ಕೆ ಗೆಸ್ಟ್ ಎಲ್ಲ ಕಾರ್ ಹತ್ತಿರುತ್ತಾರೆ! ಸ್ಟೆಬಿಲೈಜರ್ ಹಾಕಲಾ?

ಹಾಸನ ರಿಪೇರಿ:
ಫ್ರಿಜ್ಜಿನ ಸ್ಟೆಬಿಲೈಜರ್ ಇದಕ್ಕೆ ಸಾಲದು, 3 ಕೆವಿಎ ಆದರೂ ಬೇಕು. ಅದು ವೋಲ್ಟೇಜ್ ಏರಿಸುವುದು ಲೈನಿನಿಂದ ಜಾಸ್ತಿ ಆಂಪ್ ಎಳೆದೇ. ತುದಿಯ ಲೈನಿಗೆ ಇನ್ನಷ್ಟು ಭಾರ. ಕೇಕಿಗೋಸ್ಕರ ಅಷ್ಟು ದುಡ್ಡು ಬೇಡ ಅಂತ ನನ್ನ ಅಭಿಪ್ರಾಯ. ಕರೆಂಟ್ ಆಫೀಸಿನ 1912 ನಂಬರಿಗೆ ಫೋನ್ ಮಾಡಿ ದೂರು ಬರೆಸಿ, ಕಂಬದ ಜಾಯಿಂಟ್ ನೋಡಿಸಿ. ಅಲ್ಲಿವರೆಗೆ ಮಧ್ಯಾಹ್ನ ಬೇಯಿಸಿ. ಸಂಜೆಯೇ ಬೇಕಿದ್ದರೆ ಬೀಪ್ ಆದ ಮೇಲೂ ಹತ್ತು ನಿಮಿಷ ಖಾಲಿ ಕಾಯಿಸಿ, ಅದೂ ಕನ್ವೆಕ್ಷನ್ನಿನಲ್ಲಿ ಮಾತ್ರ. ಮೈಕ್ರೋವೇವ್ ಎಂದೂ ಖಾಲಿ ಓಡಿಸಬೇಡಿ. ಟಿನ್ ಇಟ್ಟ ಮೇಲೆ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ.

ಕರೆಂಟ್ ನಡುವೆ ಹೋದರೆ ಪ್ಲಗ್ ಕಿತ್ತುಬಿಡಿ. ಗುಡುಗು ಶುರುವಾದರೂ ಅಷ್ಟೆ. ಹಾಗಲ್ಲದೆ ಮಾಮೂಲಿಯಾಗಿ ಆಫ್ ಮಾಡಿದಾಗ ಮಾತ್ರ ಒಳಗೆ ಫ್ಯಾನ್ ತಿರುಗುತ್ತಿರುತ್ತದೆ, ಅದು ನಿಲ್ಲುವವರೆಗೆ ಕೀಳಬೇಡಿ. ಮೇಲೆ ಕ್ರೋಶಾ ಬಟ್ಟೆ ಹೊದಿಸಿದ್ದೀರಾ?

ಗೋಣಿಬೀಡು ಅಡುಗೆಮನೆ:
ಇತ್ತು, ತೆಗೆದೆ. ಹಿಂದೆ ಒಂದು ಗೇಣು ಜಾಗವೂ ಬಿಟ್ಟಿದ್ದೇನೆ. ಅತ್ತೆಗೆ ಇನ್ನೊಂದು ಅನುಮಾನ, ಅದರ ಮುಂದೆ ನಿಂತರೆ ಕಣ್ಣಿಗೆ ತೊಂದರೆಯಂತೆ.

ಹಾಸನ ರಿಪೇರಿ:
ಆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗಾಜಿನ ಹಿಂದಿನ ಜಾಲರಿಯ ತೂತು ಒಂದೆರಡು ಮಿಲಿಮೀಟರ್, ದಾಟಲಾರದು. ಬಾಗಿಲು ತೆಗೆದ ಕ್ಷಣ ಅಲೆ ನಿಲ್ಲುತ್ತದೆ. ಆದರೆ ಬಾಗಿಲು ವಾಲಿದ್ದರೆ, ಅಂಚಿನಲ್ಲಿ ಬಟ್ಟೆ ಸಿಕ್ಕಿದ್ದರೆ, ಜಾಲರಿ ತುಕ್ಕು ಹಿಡಿದಿದ್ದರೆ ಓಡಿಸಬೇಡಿ. ಮಕ್ಕಳು ಬಾಗಿಲಿಗೆ ಜೋತು ಬೀಳದ ಹಾಗೆ ನೋಡ್ಕೊಳ್ಳಿ.

ಗೋಣಿಬೀಡು ಅಡುಗೆಮನೆ:
ಸರ್, ನಿನ್ನೆ ಮಧ್ಯಾಹ್ನದ ಕೇಕ್ ಬಂಗಾರದ ಹಾಗೆ ಬಂತು. ಈಗ ಹೊಸ ಕಥೆ. ಅತ್ತೆಗೆ ಹೆದರಿಕೆ ಹೋಗಿ ಹಲಸಿನ ಹಪ್ಪಳ ಇದರಲ್ಲೇ ಸುಡ್ತಾರೆ. ಒಂದು ನಿಮಿಷಕ್ಕೆ ಇಡಬೇಕಾದ್ದನ್ನು ಇವತ್ತು ಹತ್ತು ನಿಮಿಷಕ್ಕೆ ಒತ್ತಿ ಹೂ ಕೊಯ್ಯೋಕೆ ಹೋದರು. ಒಳಗೆಲ್ಲ ಹೊಗೆ, ಸಣ್ಣ ಜ್ವಾಲೆ. ನಾನು ಗಾಬರಿಯಲ್ಲಿ ಬಾಗಿಲು ತೆಗೆದುಬಿಟ್ಟೆ, ಬುಸ್ ಅಂತ ಹೊರಗೆ ಬಂತು. ಕೈಗೆ ಏನೂ ಆಗಲಿಲ್ಲ.

ಹಾಸನ ರಿಪೇರಿ:
ಮುಂದಿನ ಸಲ ಬಾಗಿಲು ಮುಟ್ಟಲೇಬೇಡಿ ಮೇಡಂ. ಗಾಳಿ ಸಿಕ್ಕರೆ ಉರಿ ಜಾಸ್ತಿ. ಗೋಡೆಯ ಸ್ವಿಚ್ ಆಫ್ ಮಾಡಿ, ಬಾಗಿಲು ಹಾಕಿಯೇ ಬಿಡಿ, ತಾನಾಗಿ ಆರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ತೆಗೆಯಿರಿ. ಈಗ ತಣ್ಣಗಾದ ಮೇಲೆ ಹೊಸ ಮೈಕಾಗೆ ಮಸಿ ಹಿಡಿದಿದೆಯಾ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಆಮೇಲೆ ಒಂದು ಲೋಟ ನೀರಿಟ್ಟು, ಅದರೊಳಗೆ ಮರದ ಸೌಟು ಹಾಕಿ, ಎರಡು ನಿಮಿಷ ಓಡಿಸಿ. ಬರೀ ನೀರು ಕುದಿ ಬಂದರೂ ಸುಮ್ಮನಿದ್ದು, ಲೋಟ ಮುಟ್ಟಿದಾಗ ಮುಖಕ್ಕೆ ಸಿಡಿಯಬಹುದು, ಅದಕ್ಕೆ ಸೌಟು. ಕಿಡಿ ಕಾಣದಿದ್ದರೆ ಹಪ್ಪಳ ಮುಂದುವರಿಸಲಿ, ಆದರೆ ಹೂ ಕೊಯ್ದು ಬಂದ ಮೇಲೆ.