ಎ ಗುಂಪು, ಬಿ ಗುಂಪು ಮತ್ತು ಒಂದು ಬೀಗದ ಕೈ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಪ್ಯಾಂಡೆಮಿಕ್ ಎಂದಿತು. ಆಮೇಲೆ ಆಫೀಸಿನವರೆಲ್ಲ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಮನೆ ಸೇರಿದ್ದೇ ಸೇರಿದ್ದು.

"ಕಳಿಸೋಕೆ ಒಂದು ಮೇಲ್ ಸಾಕಾಯ್ತು. ವಾಪಸ್ ಕರೆಸೋಕೆ ಹನ್ನೊಂದು ಹಾಕಿದೆ" ಎಂದ ಗುಂಡಣ್ಣ. ಆ ಕೆಲಸ ಅವನ ತಲೆಗೇ ಕಟ್ಟಿದ್ದರು.

"ಉತ್ತರ ಬಂತಾ?"

"ಬಂತು. ಆಫೀಸ್ ಅಂದ ಕೂಡಲೇ ಅಷ್ಟೂ ಜನರ ಮನೆಯಲ್ಲಿ ಯಾರೋ ಒಬ್ಬರು ಕೆಮ್ಮೋಕೆ ಶುರು ಮಾಡಿದ್ರು."

ಕೊನೆಗೆ ಎರಡು ಗುಂಪು ಮಾಡಿದನಂತೆ. ಎ ಒಂದು ವಾರ, ಬಿ ಒಂದು ವಾರ. ಒಂದು ಗುಂಪಿಗೆ ಸೋಂಕು ತಗುಲಿದರೂ ಇನ್ನೊಂದು ಉಳಿಯುತ್ತದೆ ಎನ್ನುವ ಲೆಕ್ಕ. ಲೆಕ್ಕ ತಪ್ಪಲ್ಲ, ಬಿಡಿ.

"ಮಾರನೇ ದಿನವೇ ಶುರುವಾಯ್ತು. ನನ್ನನ್ನು ಅವಳ ಗುಂಪಿಗೆ ಹಾಕಿ, ಇವನ ಗುಂಪು ಬೇಡ, ಮ್ಯಾನೇಜರ್ ಇರೋ ಗುಂಪಂತೂ ಬೇಡವೇ ಬೇಡ. ಪಾಪ ಅಂತ ಎಲ್ಲರ ಮಾತೂ ಕೇಳಿದೆ. ಎ ಗುಂಪಲ್ಲಿ 38 ಜನ, ಬಿ ಗುಂಪಲ್ಲಿ ಮ್ಯಾನೇಜರ್ ಒಬ್ಬರೇ!"

ಸರೋಜಾ ನಕ್ಕು ಸುಸ್ತಾದಳು. "ನಮ್ಮಲ್ಲಿ ಬಾಗಿಲಲ್ಲೇ ಹಣೆಗೆ ಗನ್ ಹಿಡಿಯೋರು. ಒಂದು ದಿನ ನನಗೆ 33 ಡಿಗ್ರಿ ತೋರಿಸ್ತು. 'ನಾರ್ಮಲ್ ಮೇಡಂ, ಹೋಗಿ' ಅಂದ್ರು. ನಿಜವಾಗಿ 33 ಇದ್ದಿದ್ರೆ ನಾನು ಅಲ್ಲೇ ಗಡಗಡ ನಡುಗ್ತಾ ಬಿದ್ದಿರಬೇಕಿತ್ತು, ಅಲ್ವಾ?"

ಸೋಂಕಿದ್ದೂ ಜ್ವರ ಬಾರದವರು ಎಷ್ಟೋ ಜನ. ಅವರೆಲ್ಲ ಗನ್ನಿಗೆ ಹಣೆ ಕೊಟ್ಟು ಸಲೀಸಾಗಿ ಒಳಗೆ ಬಂದರು.

ನನ್ನ ಕಥೆ ಬೇರೆ. ಮೇಜುಗಳ ಮಧ್ಯೆ ಪ್ಲಾಸ್ಟಿಕ್ ಶೀಟ್ ನಿಲ್ಲಿಸಿದ್ದರು. ಅಕ್ವೇರಿಯಂ ಮೀನುಗಳ ಹಾಗೆ ಕೂತಿದ್ದೆವು. ನನ್ನ ಮಾತು ಕೇಳಿಸದಿದ್ದಾಗ ಪಕ್ಕದವನು ಎದ್ದು ನಿಲ್ಲುತ್ತಿದ್ದ, ಶೀಟಿನ ಮೇಲಿಂದ ಇಣುಕುತ್ತಿದ್ದ, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ನನ್ನ ಮುಖದ ಮೇಲೇ "ಆಂ?" ಅನ್ನುತ್ತಿದ್ದ. ಜತೆಗೆ ದಿನಕ್ಕೆ ನಾಲ್ಕು ಸಲ ಸ್ಯಾನಿಟೈಸರ್ ಹಾಕಿ ಎಲ್ಲವನ್ನೂ ಒರೆಸುವುದು. ಸೋಂಕಿರುವ ಜಾಗವನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಬರುವ ಸಾಧ್ಯತೆ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಅಷ್ಟರಲ್ಲಿ ನನ್ನ ಕೀಬೋರ್ಡಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

"ಮೇಜು ಒರೆಸಿದ್ದು ಸಾಕು, ಗಾಳಿ ನೋಡ್ರಯ್ಯಾ ಅಂತ ನಾನೂ ಬಡ್ಕೊಂಡೆ" ಎಂದ ಗುಂಡಣ್ಣ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಮೀಟರನ್ನೂ ತಂದಿದ್ದನಂತೆ. ಹೊರಗಿನ ಗಾಳಿಯಲ್ಲಿ ಅದು 400 ಚಿಲ್ಲರೆ ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಚಿಲ್ಲರೆ ಭಾಗ. ಕೋಣೆಯಲ್ಲಿ 800 ದಾಟಿದರೆ ಗಾಳಿ ಸಾಕಷ್ಟು ಆಡುತ್ತಿಲ್ಲ, ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದು ಅರ್ಥ.

"ಮೀಟಿಂಗ್ ರೂಮಲ್ಲಿಟ್ಟೆ. ಬಾಗಿಲು ಹಾಕಿ ಎಂಟು ಜನ ಕೂತಿದ್ವಿ. ಅರ್ಧ ಗಂಟೇಲಿ 2,000 ದಾಟ್ತು."

"ಅದೇನು ಅಂಥಾ ಮೀಟಿಂಗು?"

"ಕೊರೊನಾ ಸುರಕ್ಷತಾ ಸಮಿತಿದು."

"ಕಿಟಕಿ ತೆಗೆಯೋಕೇನಾಗಿತ್ತು ನಿಮಗೆ?"

"ಬೀಗ ಹಾಕಿತ್ತು ಕಣೇ. ಬೀಗದ ಕೈ ಬಿ ಗುಂಪಿನ ಹತ್ರ ಇತ್ತು."