ಫ್ಲಾರೆನ್ಸ್ ಜೊತೆಗೆ ದ್ರಾಕ್ಷಿ ತೋಟ: ಅಪ್ಪ, ಅಮ್ಮ, ಮಗಳನ್ನು ಕರೆದುಕೊಂಡು ಯಾವಾಗ ಹೋಗಬೇಕು?

ಪ್ರಶ್ನೆ – ಮೂಡಿಗೆರೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅಪ್ಪ ತೋಟ ಬಿಟ್ಟು ಕದಲುವವರೇ ಅಲ್ಲ. ಈ ಸಲ ಅವರನ್ನೂ ಅಮ್ಮನನ್ನೂ ಇಟಲಿಗೆ ಕರೆದುಕೊಂಡು ಹೋಗಲೇಬೇಕು ಅಂದುಕೊಂಡಿದ್ದೇನೆ. ಜೊತೆಗೆ ನನ್ನ ಗಂಡ, ಎಂಟು ವರ್ಷದ ಮಗಳು. ಟೂರಿನವರು ರೋಮ್, ವೆನಿಸ್, ಮಿಲಾನ್, ಪೀಸಾ, ಫ್ಲಾರೆನ್ಸ್ ಎಲ್ಲಾ ಒಂದೇ ವಾರದಲ್ಲಿ ಅನ್ನುತ್ತಾರೆ. ಪಟ್ಟಿ ಓದಿದರೇ ಸುಸ್ತು. ನನಗೆ ಒಂದೇ ಊರು ನಿಧಾನವಾಗಿ ನೋಡಿ, ಆಮೇಲೆ ಹಳ್ಳಿ ಕಡೆ ದ್ರಾಕ್ಷಿ ತೋಟದಲ್ಲಿ ಉಳಿಯುವ ಆಸೆ. ಅಪ್ಪನಿಗೆ ವೈನ್ ಇಷ್ಟ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ – ಸಕಲೇಶಪುರದ ಬೆಳೆಗಾರ

ನಿಮ್ಮ ಯೋಚನೆಯೇ ಸರಿ. ಫ್ಲಾರೆನ್ಸ್, ಅದರ ಪಕ್ಕದ ಕಿಯಾಂಟಿ ಬೆಟ್ಟಗಳು, ಅಷ್ಟು ಸಾಕು. ಸೆಪ್ಟೆಂಬರ್ ಕೊನೆಗೆ ಹೊರಡಿ. ನಮ್ಮಲ್ಲಿ ಮಳೆ ಇಳಿದಿರುತ್ತದೆ, ಅರೇಬಿಕಾ ಕೊಯ್ಲಿಗೆ ಇನ್ನೂ ಸಮಯ ಇರುತ್ತದೆ. ಅಲ್ಲಿ ಅದೇ ಹೊತ್ತಿಗೆ ದ್ರಾಕ್ಷಿ ಕೊಯ್ಲು. ಅಪ್ಪ ಇಲ್ಲ ಅನ್ನುವುದಕ್ಕೆ ಕಾರಣವೇ ಇರುವುದಿಲ್ಲ.

ಫ್ಲಾರೆನ್ಸಿನಲ್ಲಿ ಉಫೀಜಿ, ಅಕಾಡೆಮಿಯಾ ಅಂತ ಎರಡು ದೊಡ್ಡ ಕಲಾ ಮ್ಯೂಸಿಯಂ ಇವೆ, ಎರಡೂ ಸೋಮವಾರ ರಜೆ. ಟಿಕೆಟ್ ಮೊದಲೇ ಮಾಡಿಸಿ. ದೊಡ್ಡ ಚರ್ಚಿನ ಗುಮ್ಮಟ ಬ್ರುನೆಲೆಸ್ಕಿ ಅನ್ನುವ ವಾಸ್ತುಶಿಲ್ಪಿ ಕಟ್ಟಿದ್ದು, 1436ರಲ್ಲಿ ಮುಗಿದದ್ದು. ಮೇಲೆ ಹೋಗಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಮಗಳನ್ನು ಗಂಡನ ಜೊತೆ ಹತ್ತಿಸಿ. ಅಪ್ಪ ಅಮ್ಮನನ್ನು ಬಸ್ಸಿನಲ್ಲಿ ಪಿಯಾಜಾಲೆ ಮಿಕೆಲಾಂಜೆಲೋ ದಿಬ್ಬಕ್ಕೆ ಕರೆದುಕೊಂಡು ಹೋಗಿ. ಊರು, ನದಿ, ಗುಮ್ಮಟ ಎಲ್ಲಾ ಅಲ್ಲಿಂದಲೇ ಕಾಣುತ್ತದೆ.

ಆದರೆ ನನಗೆ ಮನಸ್ಸು ತುಂಬಿದ್ದು ಹಳ್ಳಿಯಲ್ಲಿ. ಗ್ರೆವೆ, ಪಾಂಜಾನೋ, ರಾದ್ದಾ ಸುತ್ತಮುತ್ತ ರೈತರೇ ತಮ್ಮ ಮನೆಯಲ್ಲಿ ಕೋಣೆ ಕೊಟ್ಟು, ತಮ್ಮ ಎಣ್ಣೆ, ತಮ್ಮ ವೈನ್ ಬಡಿಸುತ್ತಾರೆ. ಅಗ್ರಿತುರಿಸ್ಮೋ ಅಂತ ಹುಡುಕಿ, ನಮ್ಮ ಹೋಂಸ್ಟೇ ತರಾನೇ. ನಾವಿದ್ದ ತೋಟದಲ್ಲಿ ಬಳ್ಳಿಯ ಎಲೆ ಮೇಲೆ ನೀಲಿ ಕಲೆ ಕಂಡಿತು. ಉಜ್ಜಿ ನೋಡಿದೆ. ಮೈಲುತುತ್ತ! ನಾವು ಅಡಿಕೆ ಕೊಳೆ ರೋಗಕ್ಕೆ, ಮೆಣಸಿನ ಬಳ್ಳಿಗೆ ಹೊಡೆಯುವ ಅದೇ ಬೋರ್ಡೋ ದ್ರಾವಣ, ಮೈಲುತುತ್ತ ಸುಣ್ಣ ಕಲಸಿದ್ದು. 1880ರ ದಶಕದಲ್ಲಿ ಅದು ಶುರುವಾದದ್ದೇ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ. ಆ ಯಜಮಾನರಿಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಬಾರದು. ಎಲೆ ಹಿಡಿದುಕೊಂಡು ಕೈಸನ್ನೆಯಲ್ಲೇ ಎಷ್ಟೋ ಹೊತ್ತು ಮಾತಾಡಿದೆವು. ನಿಮ್ಮ ತಂದೆಗೆ ಇದು ಖಂಡಿತ ಹಿಡಿಸುತ್ತದೆ.

ಬಾಟಲಿ ಮೇಲೆ ಕಪ್ಪು ಹುಂಜದ ಗುರುತು ಇದ್ದರೆ ಅದು ಕಿಯಾಂಟಿ ಕ್ಲಾಸಿಕೋ, ಆ ಬೆಟ್ಟಗಳದ್ದೇ ವೈನ್. ಕನಿಷ್ಠ 80% ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಹುಳಿ ಸ್ವಲ್ಪ ಜಾಸ್ತಿ. ಬರೀ ವೈನ್ ಕುಡಿಯುವುದಕ್ಕಿಂತ ಊಟದ ಜೊತೆಗೇ ಚೆನ್ನ. ಹಾಂ, ಅಲ್ಲಿನ ಕಾಫಿ ಕುಡಿಯುವಾಗ ಅಪ್ಪನಿಗೆ ಹೇಳಿ, ನಮ್ಮ ದೇಶದ ಕಾಫಿ ಅತಿ ಹೆಚ್ಚು ಕೊಳ್ಳುವುದು ಇಟಲಿಯೇ ಅಂತ.

ಉತ್ತರ – ಹಾಸನದಿಂದ

ಅಮ್ಮನ ಊಟದ ಬಗ್ಗೆ ನಾನು ಹೇಳುತ್ತೇನೆ. ನಮ್ಮತ್ತೆಯವರೂ ಹಾಗೇ. ರಿಬೊಲ್ಲಿತಾ ಅಂತ ಸಿಗುತ್ತದೆ. ಬ್ರೆಡ್, ಹುರುಳಿಕಾಯಿ ಜಾತಿಯ ಬಿಳಿ ಕಾಳು, ಕಪ್ಪು ಹಸಿರಿನ ಸೊಪ್ಪು ಹಾಕಿ ಬೇಯಿಸಿದ ಗಟ್ಟಿ ಸಾರು. ಮಾಂಸದ ನೀರು ಹಾಕಿದ್ದೀರಾ ಅಂತ ಕೇಳಿಯೇ ತಗೊಳ್ಳಿ. ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಪೀಚಿ ಅನ್ನುವ ದಪ್ಪ ಎಳೆಯದ್ದನ್ನು ಹೆಚ್ಚಾಗಿ ಹಿಟ್ಟು ನೀರಿನಲ್ಲೇ ಮಾಡುತ್ತಾರೆ, ಆದರೂ ಕೇಳಿ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ. ಇದನ್ನು ಅಮ್ಮನಿಗೆ ಮೊದಲೇ ತಿಳಿಸಿಬಿಡಿ, ತಿಂದ ಮೇಲೆ ಗೊತ್ತಾದರೆ ಬೇಜಾರು ಅಲ್ವಾ?

ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಚಟ್ನಿಪುಡಿ ಇಟ್ಟುಕೊಳ್ಳಿ, ಆಲಿವ್ ಎಣ್ಣೆ ಜೊತೆ ತುಂಬಾ ರುಚಿ. ತುಪ್ಪ, ಹಾಲಿನ ಸಿಹಿ ಬೇಡ, ಒಳಗೆ ಬಿಡುವುದಿಲ್ಲ. ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗುವುದು ಕಷ್ಟ, ಮಗುವಿಗೆ ಏನಾದರೂ ಕೈಯಲ್ಲಿರಲಿ.

ಉತ್ತರ – ಚಿಕ್ಕಮಗಳೂರು ಪೇಟೆ

ಕಾರು ಹಳ್ಳಿಗೆ ಹೊರಡುವ ದಿನ ತಗೊಳ್ಳಿ. ಫ್ಲಾರೆನ್ಸ್ ಹಳೇ ಊರಿನೊಳಗೆ ಹೊರಗಿನ ಗಾಡಿ ಬಿಡುವುದಿಲ್ಲ. ಕ್ಯಾಮೆರಾ ಇದೆ, ದಂಡ ಮನೆವರೆಗೂ ಬರುತ್ತದೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಇಲ್ಲೇ ಆರ್‌ಟಿಓದಲ್ಲಿ ಮಾಡಿಸಿ. ಷೆಂಗೆನ್ ವೀಸಾಕ್ಕೆ (ಇಟಲಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೊರಡುವ ಆರು ತಿಂಗಳು ಮೊದಲಿಂದಲೇ ಅರ್ಜಿ ಹಾಕಬಹುದು. ವೀಸಾಕ್ಕೆ ಬೇಕಾದ ಪ್ರಯಾಣದ ವೈದ್ಯಕೀಯ ಇನ್ಶೂರೆನ್ಸ್ ತಲಾ 30,000 ಯೂರೋಗೆ ಕಡಿಮೆ ಇರಬಾರದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು, ಅಪ್ಪ ಅಮ್ಮನನ್ನು ಒಂದೇ ದಿನಕ್ಕೆ ಬುಕ್ ಮಾಡಿ.